ಕುದಿಸದ ಪಾಲು

ತಮ್ಮ ತೀರಿಕೊಂಡು ಮೂರು ವಾರವಾಗಿತ್ತು. ಅವನ ರಕ್ತದಿಂದ ಬೆಳೆಸಿದ ಟೈಫಾಯ್ಡ್ ಬ್ಯಾಕ್ಟೀರಿಯಾ ನಮ್ಮ ಲ್ಯಾಬಿಗೇ ಬಂತು. ಆಸ್ಪತ್ರೆಯವರು ಹೆಸರು ಬರೆಯುವುದಿಲ್ಲ, ನಂಬರು ಮಾತ್ರ. ಆದರೆ ವಯಸ್ಸು, ತಾರೀಖು, ವಾರ್ಡು ಇದ್ದವು. ಒಡಹುಟ್ಟಿದವಳಿಗೆ ಅಷ್ಟು ಸಾಕು.

"ರಜೆ ತಗೋ," ಎಂದರು ಅಳತೆಗೋಲು. ಅವರು ನಮ್ಮ ಹಿರಿಯ ವಿಜ್ಞಾನಿ. ಚಹಾಕ್ಕೆ ಸಕ್ಕರೆಯನ್ನೂ ಅಳೆದು ಹಾಕುವ ಹೆಂಗಸು; ಆ ಅಡ್ಡಹೆಸರಿಟ್ಟವಳು ನಾನೇ. ಬೇಡ ಎಂದೆ. ನನಗೆ ಒಂದೇ ಒಂದು ಗೊತ್ತಾಗಬೇಕಿತ್ತು: ಆ ಜ್ವರವನ್ನು ಮನೆಗೆ ತಂದವಳು ನಾನೇನಾ?

ಆರು ವರ್ಷದಿಂದ ನನ್ನ ಕೆಲಸ ಅದೇ ಬ್ಯಾಕ್ಟೀರಿಯಾದ ಜೊತೆ. ಬೆಳೆಸುವುದು, ಒಡೆಯುವುದು, ವೇಗವಾಗಿ ತಿರುಗಿಸಿ ಹೊರಪೊರೆಯನ್ನು ಬೇರೆ ಮಾಡುವುದು, ಆ ಪೊರೆಯ ಪ್ರೋಟೀನುಗಳನ್ನು ಜೆಲ್ ಎಂಬ ಲೋಳೆಪದರದಲ್ಲಿ ಕರೆಂಟು ಹಾಯಿಸಿ ಓಡಿಸಿ, ಮೂಡುವ ಗೆರೆಗಳನ್ನು ಓದುವುದು. ಒಂದೊಂದು ತಳಿಗೂ ಗೆರೆಗಳ ಸಾಲು ಒಂದೊಂದು ಬಗೆ. "ಕೈ ತೊಳ್ಕೊಂಡ್ಯಾ, ಕ್ರಿಮಿರಾಣಿ?" ಎಂದು ತಮ್ಮ ದಿನಾ ಸಂಜೆ ಬಾಗಿಲಲ್ಲೇ ರೇಗಿಸುತ್ತಿದ್ದ. ತೊಳೆದಿದ್ದೆ. ತೊಳೆದಿದ್ದೆ ಎಂದೇ ನೆನಪು.

ಮನೆಯಲ್ಲಿ ಈಗ ಅಮ್ಮ, ನಾನು ಇಬ್ಬರೇ. ಅಮ್ಮನನ್ನು ತಿನ್ನುತ್ತಿದ್ದದ್ದೇ ಬೇರೆ. ತಮ್ಮನಿಗೆ ಜ್ವರ ಬರುವುದಕ್ಕೆ ಮುಂಚೆ ಒಲೆ ಕೆಟ್ಟು, ಎರಡು ದಿನ ಅವಳು ಕುಡಿಯುವ ನೀರು ಕಾಯಿಸಿರಲಿಲ್ಲ. ಈಗ ಬೆಳಗಿನಿಂದ ಸಂಜೆಯವರೆಗೆ ಪಾತ್ರೆ ಒಲೆಯ ಮೇಲೇ. ನೀರು ಇಂಗಿ ತಳ ಸೀದರೂ ಇಳಿಸುತ್ತಿರಲಿಲ್ಲ. ಊಟ ಬಿಟ್ಟಿದ್ದಳು. ಸಿಟ್ಟು ಬಂದು ನಾನೇ ಒಲೆ ಆರಿಸಿದರೆ ಮತ್ತೆ ಹಚ್ಚುತ್ತಿದ್ದಳು.

ತಮ್ಮನ ತಳಿಯನ್ನೂ ನನ್ನ ಮೇಜಿನ ತಳಿಯನ್ನೂ ಪಕ್ಕಪಕ್ಕ ಓಡಿಸಿದೆ. ನಮ್ಮಲ್ಲಿ ಒಂದು ಪದ್ಧತಿಯಿದೆ: ಪ್ರತಿ ಮಾದರಿಯನ್ನು ಎರಡು ಪಾಲು ಮಾಡಿ ಒಂದನ್ನು ಕುದಿಸಬೇಕು, ಇನ್ನೊಂದನ್ನು ಹಾಗೇ ಬಿಡಬೇಕು. ಕುದಿಸಿದರೆ ಪ್ರೋಟೀನು ಮಡಿಕೆ ಬಿಚ್ಚಿ ದಾರದಂತೆ ಸಡಿಲವಾಗುತ್ತದೆ. ಬಿಟ್ಟರೆ ತನ್ನ ಆಕಾರದಲ್ಲೇ ಓಡುತ್ತದೆ. ಹೋಲುವ ಎರಡು ತಳಿಗಳ ವ್ಯತ್ಯಾಸ ಕೆಲವು ಸಲ ಕಾಣುವುದು ಕುದಿಸದ ಪಾಲಿನಲ್ಲೇ. ಆವತ್ತು ನನ್ನ ಕೈ ನನ್ನ ಮಾತು ಕೇಳಲಿಲ್ಲ. ನಾಲ್ಕೂ ಕೊಳವೆಗಳನ್ನು ಕುದಿಯುವ ನೀರಿಗೆ ಇಟ್ಟುಬಿಟ್ಟಿದ್ದೆ, ಇಟ್ಟದ್ದು ಗೊತ್ತೂ ಆಗಲಿಲ್ಲ.

ಗೆರೆಗಳು ಒಂದಕ್ಕೊಂದು ತದ್ರೂಪ. ಅಂದರೆ ಜ್ವರ ಮನೆಗೆ ಬಂದದ್ದು ನನ್ನ ಮೇಜಿನಿಂದಲೇ.

ಅಂದೇ ಅಮ್ಮನ ಮುಂದೆ ಕೂತು ಹೇಳಿದೆ. "ನೀರಿಂದ ಅಲ್ಲಮ್ಮ. ಲ್ಯಾಬಿಂದ ನಾನೇ ತಂದಿದ್ದು, ನನ್ನ ಕೈಯಿಂದಾನೇ."

ಅಮ್ಮ ನನ್ನನ್ನೇ ನೋಡಿದಳು. ಆಮೇಲೆ ಎದ್ದು ಒಲೆ ಆರಿಸಿದಳು. ಮೂರು ದಿನ ನನ್ನ ಜೊತೆ ಮಾತಿಲ್ಲ ಕತೆಯಿಲ್ಲ. ಆದರೆ ನಿದ್ದೆ ಮಾಡಿದಳು, ಎರಡು ತುತ್ತು ಉಂಡಳು.

ನಾಲ್ಕನೇ ದಿನ ಅಳತೆಗೋಲು ಜೆಲ್ಲಿನ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದರಲ್ಲಿ ಕುದಿಸದೇ ಇರೋದು ಯಾವುದು? ನಾಲ್ಕೂ ಒಂದೇ ಥರ ಇದೆಯಲ್ಲ. ಎಲ್ಲಾನೂ ಕುದಿಸಿಬಿಟ್ಟಿದ್ದೀಯ ಕಣಮ್ಮ."

ಗದರಲಿಲ್ಲ. ಪಕ್ಕದಲ್ಲೇ ನಿಂತು ಮತ್ತೆ ಮಾಡಿಸಿದರು. ಕುದಿಸದ ಪಾಲಿನಲ್ಲಿ ನನ್ನ ತಳಿಯ ಗೆರೆ ಮೇಲೇ ನಿಂತಿತ್ತು, ತಮ್ಮನದು ಎಷ್ಟೋ ಕೆಳಗಿತ್ತು. ಮೂರು ಸಲ ಮಾಡಿದರೂ ಹಾಗೇ. "ಇದು ನಮ್ಮದಲ್ಲ," ಎಂದರು.

ಬೇಸಿನ್ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ಫೋಟೋವನ್ನು ಚೀಲಕ್ಕೆ ಹಾಕಿಕೊಂಡು, ಬಸ್ಸಿಗೂ ಕಾಯದೆ ಮನೆಗೆ ನಡೆದೆ.

ಅಮ್ಮ ತಲೆ ಬಾಚಿಕೊಂಡಿದ್ದಳು. ನನಗೂ ತಟ್ಟೆ ಹಾಕಿದ್ದಳು. "ಬೇಕೂಂತ ತಂದ್ಯಾ ನೀನು? ಹೊಟ್ಟೆಪಾಡಿನ ಕೆಲಸ," ಎಂದಳು. ಬಡಿಸುತ್ತಿದ್ದ ಕೈ ನಿಂತಿತು. "ನಾನು ಆ ನೀರಿಂದಾನೇ ಅಂದ್ಕೊಂಡು ದಿನಾ ಸಾಯ್ತಿದ್ದೆ ಕಣೇ. ನಾನಲ್ಲ, ಅಲ್ವಾ?"

ನೀರೇ ಕಾರಣ ಎಂದು ಯಾವ ಜೆಲ್ಲೂ ಹೇಳಿರಲಿಲ್ಲ. ನಾನಲ್ಲ ಎಂದಷ್ಟೇ ಹೇಳಿತ್ತು. ಆದರೆ ನಾನಲ್ಲ ಎಂದರೆ ಅಮ್ಮ ಮತ್ತೆ ಒಲೆ ಹಚ್ಚುತ್ತಾಳೆ.

"ನೀನಲ್ಲಮ್ಮ," ಎಂದೆ. "ನಾನೇ."

"ಕೈ ತೊಳ್ಕೊಂಡು ಬಾ," ಎಂದಳು ಅಮ್ಮ. ಚೀಲವನ್ನು ಬಾಗಿಲ ಹಿಂದೆ ತೂಗುಹಾಕಿ ಕೈ ತೊಳೆಯಲು ಹೋದೆ.