ಎರಡನೇ ಗೇರು

“ಗೇರ್‌ಬಾಕ್ಸ್ ಜೋಡ್ಸಾಕತ್ತೀಯೋ, ನಿಮ್ಮವ್ವನ ಬಾಣಂತನ ಮಾಡಾಕತ್ತೀಯೋ, ಬೋಸುಡಿಮಗನ?”

ಟ್ರಕ್ಕಿನ ಮಾಲಕ ಹರ್ಷದ, ಚಪ್ಪಲಿ ಹಾಕಿಕೊಂಡೇ ನಮ್ಮ ಪಡಸಾಲೆಗೆ ಬಂದಿದ್ದ. ಅವನ ಡ್ರೈವರ್ ಆಗಿದ್ದ ನನ್ನ ಗಂಡ ಕಾಡಸಿದ್ದ ತಲೆ ಎತ್ತಲಿಲ್ಲ. ಗೇರ್‌ಬಾಕ್ಸ್ ಕೆಟ್ಟಿದ್ದು ಇವರ ಕೈಯಿಂದಲೇ ಎಂದು ಮಾಲಕ ತೀರ್ಮಾನಿಸಿ, ಗ್ಯಾರೇಜಿಗೆ ಒಯ್ಯದೆ ನಮ್ಮ ಮನೆಗೇ ತಂದು ಇಳಿಸಿದ್ದ. ಮಹಾಗಾಂವದ ಈ ಮನೆ ನಿಂತಿರುವುದೂ ಅವನ ಜಾಗದಲ್ಲೇ. ನಾವು ಬೇಡ ಅನ್ನಲಿಲ್ಲ.

ನನ್ನ ಹಳೆಯ ಸೀರೆಯ ಮೇಲೆ ಗೇರು, ಬೇರಿಂಗು, ರಿಂಗುಗಳು ಬಿಚ್ಚಿದ ಕ್ರಮದಲ್ಲೇ ಇದ್ದವು. ಡೀಸೆಲ್ಲಿನಲ್ಲಿ ತೊಳೆದು ಒಂದೊಂದಾಗಿ ಇವರ ಕೈಗೆ ಕೊಡುವುದು ನನ್ನ ಕೆಲಸ. ಒಂದು ರಿಂಗು ಹಿಂದುಮುಂದಾದರೂ ಗೇರು ಕೂರುವುದಿಲ್ಲ ಎಂದು ಇವರು ಹೇಳಿದ್ದರು. ಅಂದಿನಿಂದ ಆ ಸೀರೆಯ ಹತ್ತಿರ ಬೆಕ್ಕು ಸುಳಿದರೂ ಎದ್ದು ಓಡಿಸುತ್ತಿದ್ದೆ.

ಎರಡನೇ ಗೇರಿನ ಹಲ್ಲುಗಳು ಮುರಿದಿದ್ದವು. ಹೊಸದು ತರುತ್ತೇನೆಂದು ಒಯ್ದಿದ್ದ ಹರ್ಷದ ಈಗ ಚೀಲದಿಂದ ಆ ಹಳೆಯದನ್ನೇ ತೆಗೆದು ಎಸೆದ. ಮುರಿದ ಕಡೆ ವೆಲ್ಡಿಂಗ್ ಹೊಡೆಸಿ, ಉಜ್ಜಿಸಿ, ಹಲ್ಲಿನ ಆಕಾರ ಕೊಡಿಸಿದ್ದ.

“ಇದನ್ನ ಹಾಕು. ಸಾಂಜಿಕ ಸಕ್ರಿ ಲೋಡ್ ಐತಿ, ಗೋವಾಕ್ಕ. ಚಲ್, ಆವರ್ ಲೌಕರ್, ಜಲ್ದಿ ಮುಗಸು.”

“ವೆಲ್ಡಿಂಗ್ ಹಲ್ಲು ತಡಿಯಾಂಗಿಲ್ರಿ ಮಾಲಕ,” ಅಂದರು ಇವರು, ಕೇಳಿಸೀ ಕೇಳಿಸದ ಹಾಗೆ. “ಅಂಬೋಲಿ ಘಾಟಿನ್ಯಾಗ ತುಂಬಿದ ಗಾಡಿ ಈ ಎರಡನೇ ಗೇರಿನ ಮ್ಯಾಲನ ಇಳಸಬೇಕ್ರಿ, ಇದು ಸಿಡದ್ರ ಗಾಡಿ ನಿಲ್ಲಾಂಗಿಲ್ರಿ.”

“ಬ್ರೇಕ್ ಏನ್ ನಿಮ್ಮಪ್ಪ ತಿಂದಾನೇನು?”

“ಅಲ್ಲಪ್ಪಂದೂ ಹಿಂಗ ಗೇರ್ ಸಿಡದ…”

“ಅಲ್ಲಪ್ಪ ಕುಡದಿದ್ದ! ಕುಡದ ಸತ್ತಾವ್ರದೆಲ್ಲಾ ನನ್ನ ಗಾಡಿ ಮ್ಯಾಲ ಹಾಕಬ್ಯಾಡ್ರಿ.”

ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅದು ಹಾಲವ್ವನ ಮನೆ. ಅವಳ ಗಂಡ ಅಲ್ಲಪ್ಪ ಇದೇ ಮಾಲಕನ ಟ್ರಕ್ಕು ಓಡಿಸುತ್ತಿದ್ದ. ಕೊರಳಲ್ಲಿ ತುಳಸಿಮಾಲೆ ಇದ್ದವನು, ಕುಡಿಯುವವನಲ್ಲ. ಘಾಟಿನ ಕೆಳಗಿನಿಂದ ಅವನನ್ನು ತಂದಾಗ ಹಾಲವ್ವನಿಗೆ ಮುಖ ತೋರಿಸಿರಲಿಲ್ಲ.

“ಹೌದ್ರಿ, ಕುಡದಿದ್ದ,” ಅಂದರು ನನ್ನ ಗಂಡ.

ಗೇರನ್ನು ಶಾಫ್ಟಿಗೆ ಏರಿಸಿ, ಅದರ ಜೋಡಿ ಗೇರಿಗೆ ತಾಗಿಸಿ ಹಿಡಿದು, ತಿರುಗಿಸು ಎಂದು ನನಗೆ ಸನ್ನೆ ಮಾಡಿದರು. ತಿರುಗಿಸಿದೆ. ವೆಲ್ಡಿಂಗ್ ಹಲ್ಲು ಬಂದಾಗಲೆಲ್ಲ ಟಕ್ಕೆಂದು ತಡೆಯುತ್ತಿತ್ತು. ಇವರು ನನ್ನನ್ನು ನೋಡಿ ಕಣ್ಣು ತಗ್ಗಿಸಿದರು.

“ಗ್ರೀಸ್ ಜಾಸ್ತಿ ಬಡಿ, ಕೂಡ್ತೈತಿ,” ಅಂದ ಹರ್ಷದ.

ನಾನು ಕೇಳಿದೆ: “ಮಾಲಕ್ರ, ಘಾಟ ಇಳಿಯೂತನಕ ನೀವೂ ಕ್ಯಾಬಿನ್‌ನ್ಯಾಗ ಕುಂದರ್ತೀರೇನ್ರಿ?”

ಅವನು ನಕ್ಕ. “ಕಾಯ್ ರೇ ಕಾಡ್ಯಾ, ನಿನ್ನ ಹೇಂತಿ ಬಿಎ ಕಲ್ತಾಳಂತ ನನ್ನ ಪರೀಕ್ಷಾ ತಗೋಳಾಕತ್ತಾಳಲ್ಲೋ! ಏ ಬಾಯಿಸಾಬ, ಗಪ್ ಒಳಗ ನಡಿ. ಗಾಡಿ ಇವತ್ತ ಹೋಗಲಿಲ್ಲಂದ್ರ ಭಾಂಡಿ ಪಾತ್ರಿ ಹೊತಗೊಂಡ ರಸ್ತಾಕ್ಕ ನಡೀರಿ ಇಬ್ರೂ.”

ಇವರ ಮೊಣಕಾಲಿನ ಪಕ್ಕದಲ್ಲಿ ಸುತ್ತಿಗೆ ಇತ್ತು. ಎತ್ತಿಕೊಂಡೆ. ಎರಡೂ ಕೈಯಿಂದ ಹಿಡಿದೆ. ವೆಲ್ಡಿಂಗ್ ಹಲ್ಲಿನ ಮೇಲೆ ಹೊಡೆದೆ. ಒಂದೇ ಏಟಿಗೆ ಅದು ಕಿತ್ತುಬಂದು ಹರ್ಷದನ ಚಪ್ಪಲಿಯ ಮುಂದೆ ಬಿತ್ತು.

ಅವನು ಅದನ್ನು ನೋಡಿದ. ಆಮೇಲೆ ನನ್ನನ್ನು.

“ಜೆಸಿಬಿ ತರಸ್ತೇನಿ, ರಂಡಿ. ಗ್ವಾಡಿ ಸೈತ ಉಳಸಾಂಗಿಲ್ಲ.” ಜೇಬಿನಿಂದ ಫೋನ್ ತೆಗೆದ.

ಅವನ ಫೋನಿಗಿಂತ ನನ್ನ ಗಂಡನ ಕೈಗೆ ನಾನು ಹೆದರಿದ್ದೆ. ಸುತ್ತಿಗೆ ಕಸಿದುಕೊಂಡು, ತಪ್ಪಾತ್ರಿ ಮಾಲಕ, ಅಂದುಬಿಟ್ಟರೆ? ಇವರು ಅಂಗೈಯ ಗ್ರೀಸನ್ನು ಅಂಗಿಗೆ ಒರೆಸಿಕೊಂಡರು. ಶಾಫ್ಟನ್ನು ಚೂರು ತಿರುಗಿಸಿ, ಇನ್ನೊಂದು ವೆಲ್ಡಿಂಗ್ ಹಲ್ಲನ್ನು ನನ್ನ ಸುತ್ತಿಗೆಯ ಕೆಳಗೆ ತಂದು, ಅಲ್ಲಾಡದ ಹಾಗೆ ಎರಡೂ ಕೈಯಿಂದ ಅದುಮಿ ಹಿಡಿದರು.