ಮೂರಕ್ಕಾ, ಮೂರಾದ್ಮೇಲಾ?

ಬೆಳಗಿನ ತರಗತಿಯಲ್ಲಿ ಎಲ್ಲರೂ ಪಂಡಿತರೇ. ರೋಗಿಯನ್ನು ಎತ್ತಬಾರದು, ಜಾರಿಸಬೇಕು. ಮಂಚ ಸೊಂಟದ ಮಟ್ಟಕ್ಕೆ ಏರಬೇಕು. ಬೆನ್ನು ನೆಟ್ಟಗೆ, ಮಂಡಿ ಮಡಚಿ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ! ಪಾಠ ಹೇಳಿದ ಸಿಸ್ಟರ್‌ಗೆ ಆನಂದಬಾಷ್ಪ ಬರುವುದೊಂದೇ ಬಾಕಿ. ಅದೇ ಪಂಡಿತರು ಮಧ್ಯಾಹ್ನ ವಾರ್ಡಿಗೆ ಬಂದರೆ, ಕಲಿತದ್ದೆಲ್ಲ ಬಾಗಿಲ ಹೊರಗೆ, ಚಪ್ಪಲಿಯ ಜೊತೆ.

ಸಿಸ್ಟರ್‌ಗೆ ಇದು ಬರೀ ಪಾಠವಲ್ಲ. ಯೂನಿಫಾರ್ಮಿನೊಳಗೆ ಸೊಂಟಕ್ಕೆ ಬೆಲ್ಟು ಬಿಗಿದಿದ್ದಳು. "ಇನ್ನೊಂದ್ಸಲ ಸೊಂಟ ಹಿಡ್ಕೊಂಡ್ರೆ ವಾರ್ಡ್ ಕೆಲಸ ಮರ್ತುಬಿಡಿ" ಎಂದು ಮೂಳೆ ಡಾಕ್ಟರು ಖಳನಾಯಕನ ಹಾಗೆ ನಗುನಗುತ್ತಾ ಹೇಳಿದ್ದರು.

ಇವತ್ತಿನ ಸವಾಲು ಮೂಲೆ ಮಂಚದ ಕಂಡಕ್ಟರ್ ತಾತ. ಆಯುಷ್ಯವೆಲ್ಲ ಬಸ್ಸಿನಲ್ಲಿ ನಿಂತೇ ಕಳೆದವರು. ಸ್ಟ್ರೋಕ್ ಹೊಡೆದು ಎಡಗೈ, ಎಡಗಾಲು ಸೋತಿದ್ದವು. ದಿಂಬಿನಿಂದ ಜಾರಿ ಜಾರಿ ಮಂಚದ ತುದಿ ಸೇರಿದ್ದರು. ಮೈ ಮಾತ್ರ ಫುಲ್ ಲೋಡ್.

"ಪಕ್ಕಕ್ಕೆ ಸರೀರಿ ಸಿಸ್ಟರ್! ನಾನಿರೋವಾಗ ನಮ್ ಮಾವಂಗೆ ಇನ್ಯಾರೂ ಬೇಕಾಗಿಲ್ಲ!"

ಅಳಿಯನ ಎಂಟ್ರಿ. ಶರ್ಟಿನ ತೋಳು ಮಡಚಿದ್ದ, ಕಾಲರ್ ಎತ್ತಿದ್ದ. ಹಿನ್ನೆಲೆ ಸಂಗೀತವೊಂದು ಕಡಿಮೆ. ಸೀದಾ ಹೋಗಿ ಮಾವನ ಕಂಕುಳಿಗೆ ಕೈ ಹಾಕಿದ.

"ಬಿಡ್ರೀ ಕೈ! ಆ ಸೋತಿರೋ ಭುಜ ಕಿತ್ಕೊಂಡ್ ಬಂದ್ರೆ ಏನ್ಮಾಡ್ತೀರಾ? ಅವ್ರು ಮನುಷ್ಯ ಕಣ್ರೀ, ಸೂಟ್‌ಕೇಸ್ ಅಲ್ಲ!"

ಅಳಿಯ ಮುಖ ಊದಿಸಿಕೊಂಡು ಹಿಂದೆ ಸರಿದ. ಈ ಕಡೆ ನೋಡಿದರೆ 'ಫಸ್ಟ್ ರ‍್ಯಾಂಕ್', ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದ ಹೊಸ ನರ್ಸ್, ತಗ್ಗಿದ ಮಂಚದ ಮೇಲೆ ಬಿಲ್ಲಿನ ಹಾಗೆ ಬಾಗಿ ನಿಂತಿದ್ದಳು.

"ಬಗ್ಗಿಸೋದು ಸೊಂಟ ಅಲ್ಲ ಕಣೇ, ಮಂಡಿ! ಮಂಚ ಏರಿಸ್ಬೇಕು ಅಂತ ಬೆಳಿಗ್ಗೆ ನೀನೇ ಹೇಳ್ಲಿಲ್ವಾ?"

"ಅದು ಪರೀಕ್ಷೆಗೆ ಅಂದ್ಕೊಂಡೆ ಅಕ್ಕಾ."

ಸಿಸ್ಟರ್ ದೇವರನ್ನು ಹುಡುಕುತ್ತಾ ಮೇಲೆ ನೋಡಿದಳು. ಫ್ಯಾನ್ ಮಾತ್ರ ಇತ್ತು.

ಅಂತೂ ಮಂಚ ಏರಿತು. ತಾತನನ್ನು ಮಗ್ಗುಲಿಗೆ ಹೊರಳಿಸಿ, ನುಣುಪಾದ ಜಾರುಬಟ್ಟೆಯನ್ನು ಅಡಿಗೆ ಹಾಸಿದ್ದಾಯಿತು. ಆ ಬದಿಗೆ ಫಸ್ಟ್ ರ‍್ಯಾಂಕ್, ಈ ಬದಿಗೆ ಸಿಸ್ಟರ್, ಕಾಲಿನ ಹತ್ತಿರ ಅಳಿಯ.

"ನಾನು ಎಣಿಸ್ತೀನಿ. ಒಂದು... ಎರಡು... ಮೂರು!"

ಅಳಿಯ ಎರಡಕ್ಕೇ ತಳ್ಳಿದ. ಸಿಸ್ಟರ್ ಮೂರಕ್ಕೆ ಎಳೆದಳು. ಫಸ್ಟ್ ರ‍್ಯಾಂಕ್ ಮೂರಾದ ಮೇಲೂ ಕಾಯುತ್ತಿದ್ದಳು. ತಾತ ಮೇಲೆ ಹೋಗುವ ಬದಲು ಅಡ್ಡ ತಿರುಗಿದರು. ಭಾರವೆಲ್ಲ ಸಿಸ್ಟರ್ ಕಡೆ ವಾಲಿ, ಬೆಲ್ಟಿನೊಳಗೆ ಏನೋ ಚುಳುಕ್ ಎಂದಿತು. ಉಸಿರು ಬಿಗಿಹಿಡಿದಳು. ಇಲ್ಲ, ಸದ್ಯ ಹಿಡಿದುಕೊಂಡಿಲ್ಲ.

"ಅಕ್ಕಾ, ಮೂರಕ್ಕಾ, ಮೂರಾದ್ಮೇಲಾ?"

"ಇದನ್ನ ಈಗ ಕೇಳ್ತೀಯಲ್ಲೇ ತಾಯಿ!"

"ಏಯ್!" ತಾತ ಗುಡುಗಿದರು. "ಹೋಲ್ಡಾನ್! ನಾನ್ ಹೇಳೋವರ್ಗೂ ಒಬ್ರೂ ಅಲ್ಲಾಡ್ಬಾರ್ದು!"

ನಾಲಿಗೆ ತೊದಲಿತು, ಅಧಿಕಾರ ತೊದಲಲಿಲ್ಲ. ಮೂವರೂ ಕಲ್ಲಾದರು. ತಾತ ಒಬ್ಬೊಬ್ಬರ ಕೈಯನ್ನೂ ನೋಡಿದರು. ಗಟ್ಟಿಯಿದ್ದ ಬಲಗಾಲನ್ನು ಮಡಚಿ ಊರಿಕೊಂಡರು.

"ರೈಟ್!"

ಎಲ್ಲರೂ ಒಟ್ಟಿಗೇ ಬಲ ಹಾಕಿದರು. ತಾತ ಸರ‍್ರನೆ ಜಾರಿ ದಿಂಬಿಗೆ ಬಂದರು.

"ನೋಡಿದ್ರಾ ನಮ್ ಪವರ್ರು?" ಎಂದ ಅಳಿಯ.

"ನೀನು ಹಿಡಿದಿದ್ದು ಬರೀ ನನ್ ಕಾಲು ಕಣಯ್ಯಾ," ಎಂದರು ಮಾವ.

ಸಿಸ್ಟರ್‌ಗೂ ನಗು ಬಂತು. ನಗುತ್ತಲೇ ತಾತನ ಅಡಿಯಿಂದ ಜಾರುಬಟ್ಟೆ ಎಳೆದಳು. ಅದು ಕೈಜಾರಿ ನೆಲಕ್ಕೆ ಬಿತ್ತು. ತಟಕ್ಕನೆ ಸೊಂಟ ಬಗ್ಗಿಸಿ ಕೈ ಚಾಚಿದಳು.

"ಹೋಲ್ಡಾನ್! ಸಿಸ್ಟರ್, ಮಂಡಿ!"

ಅರ್ಧ ಬಾಗಿದವಳು ಅಲ್ಲೇ ನಿಂತಳು. ಬೆಲ್ಟು ಬಿಗಿಯುತ್ತಿತ್ತು. ಗೊಣಗುತ್ತಾ ನೆಟ್ಟಗಾದಳು, ಮಂಡಿ ಮಡಚಿ ಕೂತಳು, ಬಟ್ಟೆ ಎತ್ತಿಕೊಂಡಳು. ಆಮೇಲೆ ಏಳದೆ, ಮಂಚದ ಕಡೆ ಕೆಂಗಣ್ಣು ಬಿಟ್ಟಳು.

"ಏನ್ ನೋಡ್ತೀರಾ? ಹೇಳಿ ಮತ್ತೆ!"

"ರೈಟ್," ಎಂದರು ತಾತ.