ಅನ್ನವ್ವನ ಗುಳಿಗೆ ಡಬ್ಬಿ

ಬೆಟಗೇರಿಯ ನೇಕಾರ ಓಣಿಯಲ್ಲಿ ಯಾರಿಗೇ ಮೂಗು ಸೋರಲಿ, ಮೈ ಕಾಯಲಿ, ಮೊದಲು ಹೋಗುವುದು ಅನ್ನವ್ವನ ಮನೆಗೆ. ದವಾಖಾನೆ ಆಮೇಲೆ. ಅವಳ ಮನೆಯ ಗೋಡೆಯ ಮಾಡದಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಮೊದಮೊದಲು ಅದರಲ್ಲಿದ್ದದ್ದು ಮಗ್ಗದಲ್ಲಿ ಉಳಿದ ಬಣ್ಣದ ನೂಲಿನ ತುಂಡುಗಳು. ಬರಬರುತ್ತ ಉಳಿದ ಗುಳಿಗೆಗಳೂ ಅದರೊಳಗೆ ಸೇರಿಕೊಂಡವು. ನೇಕಾರರ ಮನೆಯಲ್ಲಿ ಗೇಣುದ್ದ ನೂಲನ್ನೂ ಚೆಲ್ಲುವ ಪದ್ಧತಿಯಿಲ್ಲ. ಎಳೆ ಹರಿದರೆ ಅದೇ ಬಣ್ಣದ ತುಂಡು ಹುಡುಕಿ ಗಂಟು ಹಾಕುತ್ತಾರೆ. ಅನ್ನವ್ವ ಔಷಧಕ್ಕೂ ಅದೇ ಲೆಕ್ಕ ಹಚ್ಚಿದ್ದಳು. ಜ್ವರಕ್ಕೆ ಕೆಂಪು-ಹಳದಿ, ಕೆಮ್ಮಿಗೆ ಕೆಂಪು-ಕಪ್ಪು, ಮಿಕ್ಕಿದ್ದಕ್ಕೆಲ್ಲ ಬಿಳಿ. ಅಕ್ಷರ ಬರುತ್ತಿರಲಿಲ್ಲ, ಆದರೆ ಬಣ್ಣದ ವಿಷಯದಲ್ಲಿ ಅವಳನ್ನು ಮೀರಿಸುವವರು ಓಣಿಯಲ್ಲೇ ಇರಲಿಲ್ಲ.

ಅದು ೧೯೮೩ರ ಮಾತು. ಚೊಚ್ಚಲ ಬಸುರಿ ಮಗಳು ಸಿದ್ದಲಿಂಗವ್ವ ತವರಿಗೆ ಬಂದಿದ್ದಳು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಇನ್ನು ಐದು ವಾರ. ಅನ್ನವ್ವನ ಗಂಡ ಗೋವಿಂದಪ್ಪ ಮಗಳಿಗೆ ಹಸಿರು ಸೀರೆ ನೇಯಲು, ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಯುವ ಕುಣಿಮಗ್ಗಕ್ಕೆ ಇಳಿದಿದ್ದ.

"ಪ್ಯಾಟ್ಯಾಗಿಂದ ತಂದ್ರ ಆಗಾಂಗಿಲ್ಲೇನ್ರಿ?" ಎಂದು ಅನ್ನವ್ವ ಕೇಳಿದರೆ, "ನನ್ನ ಮಗಳು ಮಂದಿ ನೇಯ್ದ ಸೀರಿ ಉಡಬೇಕೇನ?" ಎಂದು ಗುರುಗುಟ್ಟಿದ್ದ.

ಅಷ್ಟರಲ್ಲಿ ಅವನ ಬಲಗಾಲಿಗೆ ಮೊಳೆ ಚುಚ್ಚಿ ಕೀವಾಯಿತು. ಪಾದ ಬಾತುಕೊಂಡು, ಮಗ್ಗ ತುಳಿಯುವುದಿರಲಿ, ನೆಲಕ್ಕೆ ಊರಲೂ ಆಗಲಿಲ್ಲ. ದವಾಖಾನೆಯ ಡಾಕ್ಟರು ಗಾಯ ತೊಳೆದು, ಸೂಜಿ ಚುಚ್ಚಿ, ದಿನಕ್ಕೆ ನಾಲ್ಕರಂತೆ ಏಳು ದಿನದ ಗುಳಿಗೆ ಕೊಟ್ಟರು. "ಕಡಿಮಿ ಆತಂತ ನಡುವ ಬಿಡಬ್ಯಾಡ್ರಿ" ಎಂದು ಎರಡೆರಡು ಸಲ ಹೇಳಿದರು.

ಮೂರನೆಯ ದಿನಕ್ಕೆ ಬಾವು ಇಳಿಯಿತು. ಗೋವಿಂದಪ್ಪ ಮಗ್ಗಕ್ಕೆ ಇಳಿದ. ಉಳಿದ ಹದಿನಾರು ಗುಳಿಗೆ ಡಬ್ಬಿಗೆ ಹೋದವು. ಅದೇ ಸಂಜೆ ಪಾತ್ರೆಗೆ ಕಲಾಯಿ ಹಾಕುವ ಖಾಜಾಸಾಬ ಸೀನುತ್ತ ಬಂದ. ಅನ್ನವ್ವ ಅವನಿಗೂ ಎರಡು ದಾನ ಮಾಡಿದಳು. ದಾನಕ್ಕೆ ಅವಳ ಕೈ ಯಾವತ್ತೂ ಹಿಂದೆಗೆದದ್ದಿಲ್ಲ.

ಹತ್ತು ದಿನ ಕಳೆದವು. ಪಾದ ಮತ್ತೆ ಬಾತಿತು, ಈ ಸಲ ಕಾಲಗಿಣ್ಣಿನವರೆಗೆ. ಅನ್ನವ್ವ ಡಬ್ಬಿಯಿಂದ ಅದೇ ಬಣ್ಣದ್ದನ್ನೇ ಹುಡುಕಿ ಎರಡು ದಿನ ಕೊಟ್ಟಳು. ಗಾಯ ಜಗ್ಗಲಿಲ್ಲ. ಚಳಿಜ್ವರ ಬಂತು. ಸೀರೆ ಮಗ್ಗದ ಮೇಲೆಯೇ ನಿಂತಿತು.

ಬಸುರಿಯನ್ನು ನೋಡಲು ಬಂದ ನರ್ಸ್ ಅಮೀನಬಿ ಗೋವಿಂದಪ್ಪನ ಕಾಲು ನೋಡಿ ಹೌಹಾರಿದಳು.

"ಯಕ್ಕಾ, ಏಳು ದಿನದ ಗುಳಿಗಿ ಪೂರಾ ಕೊಟ್ಟೀರೇನು?"

"ಮೂರ ದಿನಕ್ಕ ಆರಾಮ ಆತಲ್ರಿ ಬಾಯಾರ. ನೋವು ಹೋದ ಮ್ಯಾಲೂ ಗುಳಿಗಿ ನುಂಗೂದು ದಂಡ ಅಲ್ಲೇನ್ರಿ? ಉಳಿದಿದ್ದನ್ನ ಜ್ವಾಕಿಯಿಂದ ಇಟ್ಟೇನಿ, ನೋಡ್ರಿ ಬೇಕಾದ್ರ!" ಎಂದು ಅನ್ನವ್ವ ಹೆಮ್ಮೆಯಿಂದಲೇ ಡಬ್ಬಿ ತೆರೆದಳು.

ಅಮೀನಬಿ ಡಬ್ಬಿ ನೋಡಲಿಲ್ಲ. ಮಗ್ಗದ ಕಡೆ ಕೈ ತೋರಿಸಿದಳು.

"ಈ ಸೀರಿ ಅರ್ಧಾ ಆಗೇತಿ. ಇಲ್ಲಿಗೇ ಕೊಯ್ದು ಇಳಿಸ್ರಲ್ಲ. ಉಳಿದ ನೂಲು ಡಬ್ಬಿಯಾಗ ಇಡಾಕ ಬರತೈತಿ."

"ಅಯ್ಯ, ಸೆರಗಿಲ್ಲದ್ದು ಎಂಥಾ ಸೀರಿರಿ? ಯಾರು ಉಡತಾರ?"

"ಹಂಗಾರ ಔಷಧ ಅರ್ಧಕ್ಕ ಯಾಕ ಕೊಯ್ದಿರಿ? ಮೂರ ದಿನಕ್ಕ ಸತ್ತಿದ್ದು ಕೀವು ಮಾಡೂ ಹುಳದಾಗ ಮೆತ್ತನ್ನಾವಷ್ಟ. ಗಟ್ಟೀವು ಒಳಗ ಉಳಕೊಂಡು ಮತ್ತ ಬೆಳೆದ್ವು. ಈಗ ಈ ಗುಳಿಗಿಗೆ ಅವು ಬಗ್ಗವಲ್ಲವು." ಅವಳು ಒಂದು ಗುಳಿಗೆ ಎತ್ತಿ ಅನ್ನವ್ವನ ಅಂಗೈಮೇಲಿಟ್ಟಳು. "ಇದು ಉಳಿದ ನೂಲಲ್ಲಬೇ ಯಕ್ಕಾ. ನೇಯಲಾರದ ಬಿಟ್ಟ ಸೆರಗು."

ಅನ್ನವ್ವ ಗಂಡನ ಮುಖ ನೋಡಿದಳು, ಅಳು ಬಂತು. "ನಾನ ಕೈಯಾರ ಮಾಡಿದ್ನೇನ್ರಿ?"

"ಅಳೂದು ಆಮ್ಯಾಲ. ಟಾಂಗಾ ಕರಸ್ರಿ ಜಲ್ದಿ!"

ಗದಗಿನ ದೊಡ್ಡ ದವಾಖಾನೆಯಲ್ಲಿ ಗಾಯ ಕೊಯ್ದು ಕೀವು ತೆಗೆದರು, ಬೇರೆ ಔಷಧ ಕೊಟ್ಟರು. ಇನ್ನು ನಾಲ್ಕು ದಿನ ತಡವಾಗಿದ್ದರೆ ಪಾದ ಉಳಿಸುವುದು ಕಷ್ಟವಿತ್ತು ಎಂದರು. ಈ ಸಲ ಅನ್ನವ್ವ ಕೆಂಪು ನೂಲೊಂದನ್ನು ಗೂಟಕ್ಕೆ ಕಟ್ಟಿದಳು. ಗಂಡ ಒಂದು ಗುಳಿಗೆ ನುಂಗಿದರೆ ಒಂದು ಗಂಟು. ಡಾಕ್ಟರು ಹೇಳಿದಷ್ಟು ಗಂಟು ಬೀಳುವತನಕ ಗೋವಿಂದಪ್ಪನಿಗೆ ಬಿಡುಗಡೆಯಿರಲಿಲ್ಲ. "ಇಕಿಗಿಂತ ಪೊಲೀಸರು ಎಷ್ಟೋ ಪಾಡ" ಎಂದು ಅವನು ಗೊಣಗಿದ.

ಸೀರೆ? ಅನ್ನವ್ವ ತಾನೇ ಮಗ್ಗಕ್ಕೆ ಇಳಿದಳು. ಗೋವಿಂದಪ್ಪ ಕಾಲು ದಿಂಬಿನ ಮೇಲಿಟ್ಟುಕೊಂಡು, "ಲಾಳಿ ಸಾವಕಾಶ ಒಗಿಯೇ, ಕಲ್ಲು ಒಗದಂಗ ಒಗೀಬ್ಯಾಡ!" ಎಂದು ತಪ್ಪು ಹಿಡಿಯುತ್ತ ಕೂತ. ಕುಬಸದ ಹಿಂದಿನ ಸಂಜೆ ಸೆರಗು ಮುಗಿಯಿತು. ಅಂಚು ಒಂದಿಷ್ಟು ಸೊಟ್ಟ ಬಂದಿತ್ತು. ಸಿದ್ದಲಿಂಗವ್ವ ಅದನ್ನೇ ಉಟ್ಟು ಕೂತಾಗ, ಅಪ್ಪ ಎರಡೂ ಕಾಲಮೇಲೆ ನಡೆದು ಬಂದು ಅಕ್ಷತೆ ಹಾಕಿದ. ಅನ್ನವ್ವನ ಕಣ್ಣು ತುಂಬಿದವು.

ಊಟದ ಪಂಕ್ತಿಯಲ್ಲಿ ಖಾಜಾಸಾಬ ಮತ್ತೆ ಸೀನಿದ. "ಯಕ್ಕಾ, ಅವತ್ತಿಂದು ಒಂದ ಗುಳಿಗಿ..."

"ಡಬ್ಬಿಯಾಗ ಈಗ ಬರೇ ನೂಲೈತಿ ತಮ್ಮಾ. ಗುಳಿಗಿ ಎಲ್ಲಾ ನರ್ಸಬಾಯಾರಿಗೆ ಒಪ್ಪಿಸಿ ಬಂದೇನಿ. ನಿನ್ನ ನೆಗಡಿಗೆ ಶುಂಠಿ ಕಷಾಯ ಸಾಕು. ಜ್ವರ ಬಂದು ಬಿಡದಿದ್ರ ದವಾಖಾನಿಗೆ ನಡಿ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಾಡದಲ್ಲೂ ಇಂಥದೊಂದು ಡಬ್ಬಿ ಇದ್ದೀತು. ಇವತ್ತೇ ಇಳಿಸಿ ನೋಡಿ. ನೆಗಡಿಗೆಲ್ಲ ಕೀವಿನ ಔಷಧ ನುಂಗಬೇಡಿ, ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಹಂಚಬೇಡಿ. ಮೈಗೆ ಒಗ್ಗದಿದ್ದರೆ ಡಾಕ್ಟರನ್ನೇ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಡಾಕ್ಟರು ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಿ. ಮಗ್ಗಕ್ಕೆ ಏರಿಸಿದ ಸೀರೆಗೆ ಸೆರಗು ಮುಗಿಸಿಯೇ ಇಳಿಸಿ.